ತೆನೆ ಗೊಂಚಲಿಗೆ ಕತ್ತಾಳೆ ಗಳದ ಸ್ಟ್ಯಾಂಡು

ರೈತರ ಪತ್ರಿಕೆಯಲ್ಲಿ ಸ್ಟ್ಯಾಂಡಿನ ವಿಚಾರ ಯಾಕೆ ಅಂತ ನೀವು ಕೇಳಬಹುದು. ನಾನೂ ಎರಡು ವರ್ಷದ ಹಿಂದೆ ಹಾಗೇ ಕೇಳುತ್ತಿದ್ದೆ.

ದೇವರಾಯನದುರ್ಗದ ಬೆಟ್ಟದ ಬುಡದಲ್ಲಿ ನಮ್ಮದು ಮೂರೂವರೆ ಎಕರೆ ಕೆಂಪು ಮಣ್ಣಿನ ಹೊಲ. ಜಯಮಂಗಲಿ, ಶಿಂಷಾ ಎರಡೂ ಈ ಬೆಟ್ಟದಲ್ಲೇ ಹುಟ್ಟುತ್ತವೆ ಅಂತ ಹೇಳಿಕೊಳ್ಳೋದಷ್ಟೇ, ನಮ್ಮ ಹೊಲಕ್ಕೆ ಅವುಗಳ ಒಂದು ಬೊಗಸೆ ನೀರೂ ಇಲ್ಲ. ರಾಗಿ, ಅಕ್ಕಡಿ ಸಾಲಿಗೆ ಅವರೆ, ಒಂದು ಅಂಚಿಗೆ ನವಣೆ. 2023ರ ಬರದಲ್ಲಿ ರಾಗಿ ಕೈ ಕೊಟ್ಟಿತು, ನಾಲ್ಕು ಚೀಲ ಸಿಕ್ಕಿದ್ದೇ ಪುಣ್ಯ. ಹತ್ತು ಗುಂಟೆ ನವಣೆ ಮಾತ್ರ ಹೇಗೋ ತೆನೆ ಬಿಟ್ಟಿತು.

"ಇದನ್ನೆಲ್ಲ ಬಡಿದು ಕಾಳು ಮಾಡಬೇಡಿ, ಅತ್ತೆ ಕಟ್ಟುತ್ತಿದ್ದರಲ್ಲ, ಹಂಗೆ ಗೊಂಚಲು ಕಟ್ಟಾನ" ಅಂದಳು ನಮ್ಮಾಕೆ. ನಮ್ಮಮ್ಮ ಕಣದ ಪೂಜೆ ಆದಮೇಲೆ ಒಳ್ಳೆ ತೆನೆ ಆರಿಸಿ, ದಂಟು ಹೆಣೆದು ಪಡಸಾಲೆ ತೊಲೆಗೆ ನೇತು ಹಾಕುತ್ತಿದ್ದಳು. ಗುಬ್ಬಿಗಳು ಒಳಗೇ ಬಂದು ತಿನ್ನುತ್ತಿದ್ದವು. ಈಗ ಪೇಟೆಯವರು ಅದನ್ನೇ ಬಾಗಿಲಿಗೆ, ಬಾಲ್ಕನಿಗೆ ದುಡ್ಡು ಕೊಟ್ಟು ಒಯ್ಯುತ್ತಾರೆ. ಒಂದು ಗೊಂಚಲಿಗೆ 40ರಿಂದ 50 ತೆನೆ ಬೇಕು. ಅದರೊಳಗಿನ ಕಾಳು ಕಾಲು ಕೆಜಿಯೂ ಆಗದು. ಕಾಳಾಗಿ ಮಾರಿದರೆ ಹತ್ತು ರೂಪಾಯಿ ಹುಟ್ಟೋದು ಕಷ್ಟ. ಗೊಂಚಲಾದರೆ 80 ರೂಪಾಯಿ. ಕಟ್ಟೋಕೆ ಅರ್ಧ ಗಂಟೆ ಹಿಡಿಯುತ್ತೆ, ಆ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊಯ್ಯೋದರ ಬಗ್ಗೆ ಒಂದು ಮಾತು. ತೆನೆ ಪೂರ್ತಿ ಒಣಗೋ ಮೊದಲೇ, ಬಣ್ಣ ತಿರುಗಿದ ಕೂಡಲೆ, ಒಂದು ಮೊಳ ದಂಟು ಬಿಟ್ಟು ಕೊಯ್ಯಬೇಕು. ನೆರಳಲ್ಲಿ ತಲೆಕೆಳಗಾಗಿ ಒಣಗಿಸಬೇಕು. ಹೆಣೆಯೋ ಮುಂಚೆ ದಂಟಿಗೆ ಮಾತ್ರ ನೀರು ಚಿಮುಕಿಸಿ ಒದ್ದೆ ಬಟ್ಟೆ ಸುತ್ತಿಟ್ಟರೆ ಮುರಿಯೋದಿಲ್ಲ.

ಮೊದಲ ಸಲ 2024ರ ಸಿದ್ಧಗಂಗೆ ಜಾತ್ರೆಗೆ 60 ಗೊಂಚಲು ಒಯ್ದೆವು. ಗೋಣಿ ಹಾಸಿ ರಾಶಿ ಹಾಕಿ ಕೂತೆವು. ಕೆಳಗಿನವು ನಜ್ಜಾದವು, ಕಾಳು ಉದುರಿತು, ಮೇಲಿನವಕ್ಕೆ ಜನರ ಕಾಲಿನ ಧೂಳು. ಒಬ್ಬ ಹೆಣ್ಣುಮಗಳು "ಇದು ದನಕ್ಕೆ ಹಾಕೋದಾ?" ಅಂತ ಕೇಳೇಬಿಟ್ಟಳು. ಸಂಜೆ ಹೊತ್ತಿಗೆ 11 ಹೋದವು. ನೇತು ಹಾಕೋ ವಸ್ತುವನ್ನು ನೆಲದ ಮೇಲೆ ಮಲಗಿಸಿದರೆ ಯಾರಿಗೆ ಗೊತ್ತಾಗುತ್ತೆ?

ಸರಿ, ಸ್ಟ್ಯಾಂಡು ಬೇಕು ಅಂತಾಯಿತು. ನಮ್ಮಾಕೆ ಮೇಕೆಮರಿ ಮಾರಿದ ದುಡ್ಡು ತೆಗೆದು ಕೊಟ್ಟಳು. 1,650 ರೂಪಾಯಿ ಕೊಟ್ಟು ಪೇಟೆಯ ಒಂದು ಅಂಗಡಿಯಿಂದ ಕಬ್ಬಿಣದ್ದು ತಂದೆ. ನಡುವೆ ಒಂದು ಕಂಬ, ಸುತ್ತ ತಿರುಗುವ ಕೊಕ್ಕೆಗಳು, ಕೆಳಗೆ ನಾಲ್ಕು ಪುಟ್ಟ ಗಾಲಿ. ಮನೆ ಜಗಲಿ ಮೇಲೆ ರಾಜನ ಹಾಗೆ ನಿಂತಿತ್ತು. ಫಾಲ್ಗುಣದಲ್ಲಿ ದುರ್ಗದ ತೇರಿಗೆ ಒಯ್ದೆವು ನೋಡಿ, ಜಲ್ಲಿ ನೆಲದಲ್ಲಿ ಗಾಲಿ ಕೂರಲಿಲ್ಲ. ಬೆಟ್ಟದ ಗಾಳಿ ಒಂದು ಬೀಸು ಬೀಸಿತು, ಅಷ್ಟೂ ಮುಖಕವುಚಿ ಬಿತ್ತು. ತಂತಿ ಕೊಕ್ಕೆಗೆ ಸಿಕ್ಕಿದ್ದ ದಂಟುಗಳು ಕತ್ತರಿಸಿದ ಹಾಗೆ ಹರಿದವು. ಬಿದ್ದದ್ದು ಎತ್ತೋ ಹೊತ್ತಿಗೆ ಕೋತಿಗಳು ನಾಲ್ಕು ಗೊಂಚಲು ಹೊತ್ತೊಯ್ದವು. ನಮ್ಮಾಕೆ ಮನೆವರೆಗೂ ಮಾತಾಡಲಿಲ್ಲ. ಮರಿ ಅವಳದು, ಗೊಂಚಲು ಅವಳದು, ಸ್ಟ್ಯಾಂಡಿನ ಬುದ್ಧಿ ಮಾತ್ರ ನನ್ನದು.

ಆಮೇಲೆ ಅಟ್ಟದ ಮೇಲಿದ್ದ ಹಳೆ ಮಣೆ ಕಣ್ಣಿಗೆ ಬಿತ್ತು. ಕಣದಲ್ಲಿ ರಾಗಿ ತೂರುವಾಗ ನಮ್ಮಪ್ಪ ಹತ್ತಿ ನಿಲ್ಲುತ್ತಿದ್ದ ಮೂರು ಕಾಲಿನ ಎತ್ತರದ ಮಣೆ. ನಾಲ್ಕು ಕಾಲಿನದು ಹಳ್ಳದಿಣ್ಣೆಯಲ್ಲಿ ಒಂದು ಕಾಲು ಎತ್ತಿಕೊಂಡೇ ಇರುತ್ತೆ. ಮೂರು ಕಾಲಿನದು ಎಲ್ಲಿಟ್ಟರೂ ಮೂರನ್ನೂ ಊರುತ್ತೆ.

ಗಳಕ್ಕೆ ನಾನು ಹುಡುಕಿದ್ದು ನಮ್ಮ ಬದುವಿನ ಕತ್ತಾಳೆ. ಕತ್ತಾಳೆ ಎಷ್ಟೋ ವರ್ಷ ಸುಮ್ಮನಿದ್ದು ಒಂದೇ ಸಲ ಹೂವಿನ ಗಳ ಎತ್ತಿ, ಆಮೇಲೆ ಸಾಯುತ್ತೆ. ಆ ಗಳ ನಿಂತಲ್ಲೇ ಒಣಗಬೇಕು. ಹಸಿ ಕಡಿದರೆ ಸೊರಗಿ ಕಟ್ಟು ಸಡಿಲವಾಗುತ್ತೆ, ಹುಳವೂ ಬೀಳುತ್ತೆ. ಒಣಗಿದ್ದು ಹೊರಗೆ ಗಟ್ಟಿ, ಒಳಗೆ ಬೆಂಡು, ಹೂವಿನಷ್ಟು ಹಗುರ. ಬೆಂಡಿಗೆ ಮೊಳೆ ನಿಲ್ಲೋದಿಲ್ಲ, ಕಟ್ಟಲೇಬೇಕು. ಕಟ್ಟೋಕೆ ಕತ್ತಾಳೆ ನಾರೇ ಇದೆ. ಪಟ್ಟೆ ಜಜ್ಜುವಾಗ ರಸ ಮೈಗೆ ತಾಗಿದರೆ ತುರಿಕೆ, ತೋಳಿಗೆ ಬಟ್ಟೆ ಸುತ್ತಿಕೊಳ್ಳಿ.

ಐದೂವರೆ ಅಡಿಯ ಎಂಟು ಗಳ ಮಾಡಿಕೊಂಡೆ. ಆರು ಕಾಲಿಗೆ, ಎರಡು ಅಡ್ಡಕ್ಕೆ. ಮೂರು ಗಳವನ್ನು ಪಕ್ಕಪಕ್ಕ ಮಲಗಿಸಿ, ತುದಿಯಿಂದ ಒಂದು ಗೇಣು ಕೆಳಗೆ ಹಗ್ಗವನ್ನು ಒಂದರ ಮೇಲೆ ಇನ್ನೊಂದರ ಕೆಳಗೆ ಚಾಪೆ ಹೆಣೆದ ಹಾಗೆ ನಾಲ್ಕೈದು ಸುತ್ತು ಸುತ್ತಬೇಕು. ತೀರ ಬಿಗಿಯಬಾರದು, ಬಿಗಿದರೆ ಕಾಲು ಅಗಲಿಸುವಾಗ ಹರಿಯುತ್ತೆ. ಎತ್ತಿ ನಿಲ್ಲಿಸಿ ಕಾಲಿನಿಂದ ಕಾಲಿಗೆ ಮೂರು ಅಡಿ ಅಂತರ ಕೊಡಿ. ಸಿಮೆಂಟು ನೆಲವಾದರೆ ಜಾರುತ್ತೆ, ಬುಡದ ಹತ್ತಿರ ಮೂರೂ ಕಾಲಿಗೆ ಸುತ್ತ ಒಂದು ಹಗ್ಗ ಹಾಯಿಸಿ. ಇಂಥವು ಎರಡು. ಮೇಲಿನ ಕವಲಿನಲ್ಲಿ ಒಂದು ಅಡ್ಡಗಳ ಕೂರಿಸಿ ಬಿಗಿಯೋದು, ಎದೆಮಟ್ಟಕ್ಕೆ ಮುಂದಿನ ಕಾಲುಗಳಿಗೆ ಇನ್ನೊಂದು. ಕಾಲು ಮುಂದಕ್ಕೆ ಚಾಚಿರೋದರಿಂದ ಕೆಳಗಿನ ಸಾಲು ಮುಂದೆ ಬರುತ್ತೆ, ಗೊಂಚಲು ಒಂದನ್ನೊಂದು ಉಜ್ಜೋದಿಲ್ಲ.

ಹಗುರ ಅಂದೆನಲ್ಲ, ಅದೇ ಅದರ ದೋಷ. ಅದಕ್ಕೆ ಒಂದೊಂದು ಕವಲಿನಿಂದಲೂ ಒಂದು ಕೈಚೀಲ ಇಳಿಬಿಟ್ಟು ಐದಾರು ಕೆಜಿ ಕಲ್ಲು ತುಂಬುತ್ತೇನೆ. ಚೀಲ ಮೂರು ಕಾಲಿನ ನಡುವೆ, ನೆಲಕ್ಕೆ ಒಂದು ಗೇಣು ಮೇಲೆ ತೂಗಬೇಕು. ದುರ್ಗದಲ್ಲಿ ಕಲ್ಲಿಗೇನು ಬರವೇ, ಊರಿಂದ ಹೊರೋದು ಬೇಡ. ಅಡ್ಡಗಳಕ್ಕೆ ಗೇಣಿಗೊಂದರಂತೆ ಕುಡುಗೋಲಿನಿಂದ ಸಣ್ಣ ಕಚ್ಚು ಹಾಕಿ, ತಂತಿ ಬದಲು ನಾರಿನ ಕುಣಿಕೆ. ಕಚ್ಚು ಇಲ್ಲದಿದ್ದರೆ ಗಾಳಿಗೆ ಎಲ್ಲವೂ ಒಂದೇ ಮೂಲೆಗೆ ಜಾರುತ್ತವೆ. ಹಿಂದೆ ಕರಿ ಕಂಬಳಿ ಇಳಿಬಿಟ್ಟರೆ ಹೊಂಬಣ್ಣದ ತೆನೆ ರಸ್ತೆಗೇ ಎದ್ದು ಕಾಣುತ್ತೆ. ಆದರೆ ಜೋರು ಗಾಳಿಯಲ್ಲಿ ಕಂಬಳಿ ಉಬ್ಬಿ ಎಲ್ಲವನ್ನೂ ಎಳೆಯುತ್ತೆ, ಒಂದು ಸಲ ಬೀಳಿಸಿಕೊಂಡೇ ಕಲಿತೆ. ಈಗ ಗಾಳಿ ಎದ್ದರೆ ಮೊದಲು ಕಂಬಳಿ ಮಡಚುತ್ತೇನೆ. ಕೋತಿಗೆ ಮಾತ್ರ ಯಾವ ಸ್ಟ್ಯಾಂಡೂ ಇಲ್ಲ, ಕೋಲು ಹಿಡಿದು ಕೂರಬೇಕು.

ಕತ್ತಾಳೆ ಇಲ್ಲದವರಿಗೆ ಬಿದಿರು ಆಗುತ್ತೆ, ತೂಕ ಹೆಚ್ಚು. 2017ರಲ್ಲಿ ಕಾನೂನು ತಿದ್ದಿದ ಮೇಲೆ ಸ್ವಂತ ಜಮೀನಿನ ಬಿದಿರನ್ನು ಮರ ಅಂತ ಲೆಕ್ಕ ಹಿಡಿಯೋದಿಲ್ಲ. ದುರ್ಗದ ಕಾಡಿನದು ಹಾಗಲ್ಲ, ಒಂದು ಗಳವನ್ನೂ ತರಬೇಡಿ. ಲಂಟಾನ ಕಡ್ಡಿಯೂ ಅಡ್ಡಕ್ಕೆ ಬರುತ್ತೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದನ್ನು ಬೇಯಿಸಿ, ತೊಗಟೆ ಸುಲಿದು ಕುರ್ಚಿಯನ್ನೇ ಮಾಡುತ್ತಾರೆ. ಕಾಯಂ ಅಂಗಡಿ, ಸಿಮೆಂಟು ನೆಲ ಇರುವವರು ಕಬ್ಬಿಣದ್ದೇ ಕೊಳ್ಳಲಿ, ನನ್ನ ತಕರಾರಿಲ್ಲ, ಗಾಲಿ ಮಾತ್ರ ಬೇಡ.

ನನಗಾದ ಖರ್ಚು ಅರ್ಧ ದಿನದ ಕೆಲಸ, 40 ರೂಪಾಯಿಯ ಹಗ್ಗ. ಬಿಚ್ಚಿ ಕಟ್ಟಿದರೆ ಒಂದೇ ಕಂತೆ, ಹೆಗಲ ಮೇಲೆ ಬಸ್ಸು ಹತ್ತಬಹುದು. ಆ ಮೇಲಿನ ಸುಗ್ಗಿಯಲ್ಲಿ 140 ಗೊಂಚಲು ಹೋದವು, 11,200 ರೂಪಾಯಿ. ಮೊಮ್ಮಗಳ ಸ್ಕೂಲ್ ಫೀಸು ಕಟ್ಟಿ, ನಮ್ಮಾಕೆಗೆ ಮರಿಯ ಬದಲು ಮರಿ ತಂದುಕೊಟ್ಟೆ. ಒಬ್ಬ ಗಿರಾಕಿ ವಾರ್ನಿಷ್ ಹೊಡೆಯಿರಿ, ಬಹಳ ದಿನ ಬಾಳುತ್ತೆ ಅಂದರು. ಗುಬ್ಬಿ ತಿನ್ನೋ ಕಾಳಿಗೆ ವಾರ್ನಿಷ್ ಯಾಕೆ ಸ್ವಾಮಿ ಅಂದೆ.

ಕಬ್ಬಿಣದ್ದು ಕೊಟ್ಟಿಗೆಯಲ್ಲಿದೆ, ಹಗ್ಗ, ಮೂಗುದಾರ ನೇತು ಹಾಕಿದ್ದೇವೆ. ಸುತ್ತಲಿನವರು ಬೇಲಿ ಕಿತ್ತು ತಂತಿ ಎಳೆಸುತ್ತಿರೋದರಿಂದ ಕತ್ತಾಳೆ ಕಡಿಮೆಯಾಗಿದೆ. ನಮ್ಮ ಬದುವಿನಲ್ಲಿ ಈ ಸಲ ಎರಡು ಗಳ ಎದ್ದಿವೆ. ಒಣಗಲಿ ಅಂತ ಕಾಯುತ್ತಿದ್ದೇನೆ.