ಎರಡು ಲಕ್ಷ ಓಡಿದ ಫಾರ್ಚುನರ್‌ಗೆ ಎಷ್ಟು ಕೊಡಬಹುದು?

ಟೊಯೊಟಾ ಫಾರ್ಚುನರ್‌ನ ಮೇಲ್ದರ್ಜೆಯ ಮಾದರಿಗಳ ಬೆಲೆ ಈಗ ಶೋರೂಮಿನಲ್ಲೇ 40 ಲಕ್ಷ ದಾಟುತ್ತದೆ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ದುಬಾರಿ ಕಾರಿಗೆ 18% ಜೀವಿತಾವಧಿ ತೆರಿಗೆ, ಆ ತೆರಿಗೆಯ ಮೇಲೆ ಸೆಸ್, ಮತ್ತೆ ವಿಮೆ. ಮನೆ ಮುಂದೆ ಬಂದು ನಿಲ್ಲುವ ಹೊತ್ತಿಗೆ 50 ಲಕ್ಷದ ಆಸುಪಾಸು. ಅದೇ ಹೆಸರಿನ, ಹನ್ನೆರಡು ಹದಿಮೂರು ವರ್ಷ ಹಳೆಯ, ಎರಡು ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ ಗಾಡಿ ಹೆಚ್ಚುಕಡಿಮೆ ಇದರ ಕಾಲು ಭಾಗಕ್ಕೆ ಸಿಗುತ್ತದೆ. ಪಾಲಿಶ್ ಹೊಡೆಸಿ ನಿಲ್ಲಿಸಿದರೆ ಠೀವಿಗೇನೂ ಕೊರತೆಯಿಲ್ಲ. ಮದುವೆ ಛತ್ರದ ಮುಂದೆ ಇಳಿದರೆ ಯಾರೂ ಮಾಡೆಲ್ ವರ್ಷ ಕೇಳುವುದಿಲ್ಲ. ಕೊಳ್ಳುವವರ ಲೆಕ್ಕ ತಪ್ಪುವುದು ಇಲ್ಲೇ. ಹತ್ತು ಲಕ್ಷಕ್ಕೆ ಸಿಕ್ಕಿತೆಂದು ಅದನ್ನು ಹತ್ತು ಲಕ್ಷದ ಕಾರಿನ ಖರ್ಚಿನಲ್ಲೇ ಸಾಕಬಹುದು ಅಂದುಕೊಳ್ಳುತ್ತಾರೆ. ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿಯುತ್ತದೆ, ಅದರ ಇಂಜೆಕ್ಟರಿನ ಬೆಲೆ ಇಳಿಯುವುದಿಲ್ಲ. ಟರ್ಬೊ, ಕ್ಲಚ್ಚು, ಟೈರು ಯಾವುದೂ ಗಾಡಿಗೆ ವಯಸ್ಸಾಯಿತೆಂದು ರಿಯಾಯಿತಿ ಕೊಡುವುದಿಲ್ಲ. ಸಣ್ಣ ಪೆಟ್ರೋಲ್ ಕಾರಿಗೆ ಮೂರು ಮೂರೂವರೆ ಲೀಟರ್ ಆಯಿಲ್ ಸಾಕು. ಹಳೆಯ ಫಾರ್ಚುನರ್‌ನ ಮೂರು ಲೀಟರಿನ ಡೀಸೆಲ್ ಎಂಜಿನ್ನಿಗೆ ಸುಮಾರು ಏಳು ಲೀಟರ್ ಬೇಕು. ಹಾಗಾಗಿ ಇಂಥ ಗಾಡಿಯ ಬೆಲೆ ಎಂದರೆ ಮಾರುವವರು ಹೇಳುವ ಮೊತ್ತ ಮತ್ತು ಮುಂದಿನ ಎರಡು ವರ್ಷದಲ್ಲಿ ಗ್ಯಾರೇಜಿಗೆ ಕೊಡಬೇಕಾದದ್ದು, ಎರಡೂ ಸೇರಿ. ಈ ಎರಡನೆಯ ಮೊತ್ತದ ಬಹುಪಾಲನ್ನು ಅಡ್ವಾನ್ಸ್ ಕೊಡುವ ಮೊದಲೇ ಎಣಿಸಬಹುದು ಎಂಬುದು ನನ್ನ ವಾದ.

ಎಣಿಕೆಯನ್ನು ಮೀಟರಿನಿಂದ ಶುರು ಮಾಡುವುದು ರೂಢಿ. (ನಮ್ಮಲ್ಲಿ ಮೈಲೇಜ್ ಎಂದರೆ ಲೀಟರಿಗೆ ಎಷ್ಟು ಕೊಡುತ್ತದೆ ಎಂದರ್ಥ, ಗಾಡಿ ಸವೆದ ಲೆಕ್ಕಕ್ಕೆ ‘ಎಷ್ಟು ಕಿಲೋಮೀಟರ್ ಆಗಿದೆ’ ಎಂದೇ ಕೇಳಬೇಕು.) ಆದರೆ ಮೀಟರ್ ದೂರವನ್ನು ಎಣಿಸುತ್ತದೆ, ಎಂಜಿನ್ ಸವೆಯುವುದು ಗಂಟೆಗಳಲ್ಲಿ. 2013ರ ಎರಡು ಗಾಡಿಗಳಿವೆ ಎಂದಿಟ್ಟುಕೊಳ್ಳಿ. ಒಂದು ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡಿ 2.3 ಲಕ್ಷ ಮುಟ್ಟಿದೆ, ಸರ್ವಿಸ್ ಬಿಲ್ಲುಗಳೆಲ್ಲ ಫೈಲಿನಲ್ಲಿವೆ. ಇನ್ನೊಂದು ಬೆಂಗಳೂರು ಬಿಟ್ಟು ಹೋದದ್ದೇ ಕಡಿಮೆ, 1.1 ಲಕ್ಷ ಓಡಿದೆ, ಬಿಲ್ಲಿಲ್ಲ, ಬೆಲೆ ಒಂದು ಲಕ್ಷ ಹೆಚ್ಚು. ಹೆದ್ದಾರಿಯದಕ್ಕೆ ಗಂಟೆಗೆ ಸರಾಸರಿ 60 ಕಿ.ಮೀ. ಹಿಡಿದರೆ ಎಂಜಿನ್ ಸುಮಾರು 3,800 ಗಂಟೆ ಓಡಿದೆ. ಸಿಟಿಯದಕ್ಕೆ 18 ಹಿಡಿದರೆ 6,100 ಗಂಟೆ. ಆ ಗಂಟೆಗಳೂ ಎಂಥವು! ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಲಚ್ಚು ತುಳಿದು ಬಿಟ್ಟು, ತುಳಿದು ಬಿಟ್ಟು ಕಳೆದವು; ಎಂಜಿನ್ ಸರಿಯಾಗಿ ಕಾಯುವ ಮೊದಲೇ ಆಫ್ ಮಾಡಿದವು. ಡೀಸೆಲ್ ಎಂಜಿನ್ನಿಗೆ ದೂರದ ದಾರಿ ಒಗ್ಗುತ್ತದೆ, ಅರ್ಧಂಬರ್ಧ ಕಾದು ನಿಲ್ಲುವುದು ಒಗ್ಗುವುದಿಲ್ಲ. ಇನ್ನೊಂದು ಮಾತು: ಬಿಲ್ಲಿಲ್ಲದ 1.1 ಲಕ್ಷ ಬರೀ ಬಾಯಿಮಾತು. ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ದೊಡ್ಡ ವಿದ್ಯೆಯೇನಲ್ಲ. ಸವೆದು ನುಣುಪಾದ ಬ್ರೇಕ್ ಪೆಡಲ್ ರಬ್ಬರು, ಡ್ರೈವರ್ ಸೀಟಿನ ಕುಸಿದ ಅಂಚು, ಹೊಳೆಯುವ ಸ್ಟಿಯರಿಂಗ್ ಇವು ಅಷ್ಟು ಸುಲಭವಾಗಿ ಸುಳ್ಳು ಹೇಳಲಾರವು.

ಬಿಲ್ಲಿನ ಮಹತ್ವ ತಿಳಿಯಬೇಕಾದರೆ ಟೈಮಿಂಗ್ ಬೆಲ್ಟನ್ನು ನೋಡಬೇಕು. ಬಿಡದಿಯ ಕಾರ್ಖಾನೆಯಿಂದ 2009ರಲ್ಲಿ ಬರತೊಡಗಿದ ಮೊದಲ ತಲೆಮಾರಿನ ಫಾರ್ಚುನರ್‌ನ ಮೂರು ಲೀಟರ್ ಎಂಜಿನ್ನಿನಲ್ಲಿ ವಾಲ್ವುಗಳನ್ನೂ ಪಿಸ್ಟನ್ನುಗಳನ್ನೂ ಒಂದೇ ತಾಳದಲ್ಲಿ ಇಡುವುದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಸುಮಾರು 1.5 ಲಕ್ಷ ಕಿ.ಮೀ.ಗೆ ಅದನ್ನು ಟೆನ್ಷನರ್ ಸಮೇತ ಬದಲಿಸಬೇಕು. ಬದಲಿಸದೆ ಅದು ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ಹೆಡ್ ಬಿಚ್ಚುವವರೆಗೆ ಹೋಗುತ್ತದೆ. ಹೊತ್ತು ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ ನಿಜ, ಆದರೆ ಬೆಲ್ಟ್ ಮುಟ್ಟದೆಯೇ ಆ ದೀಪವನ್ನು ಆರಿಸಲು ಬರುತ್ತದೆ. ದೀಪ ಆರಿರುವುದು ಸಾಕ್ಷಿಯಾಗದು. ಬೆಲ್ಟ್ ಹಾಕಿದ ದಿನಾಂಕ, ಕಿಲೋಮೀಟರ್ ಇರುವ ಬಿಲ್ಲು ಮಾತ್ರ ಸಾಕ್ಷಿ. ಹೆದ್ದಾರಿಯ ಗಾಡಿಯಲ್ಲಿ ಈ ಕೆಲಸ ಆಗಿದೆಯೆಂದು ಫೈಲು ಹೇಳಿದರೆ ಆ ಖರ್ಚನ್ನು ಹಿಂದಿನ ಮಾಲೀಕರೇ ಭರಿಸಿದ್ದಾರೆ. ಸಿಟಿಯ ಗಾಡಿಯಲ್ಲಿ ಅದು ನಿಮ್ಮ ತಲೆಗೆ ಬರುತ್ತದೆ, ಅದೂ ಹತ್ತು ವರ್ಷ ಮೀರಿದ ರಬ್ಬರನ್ನು ನಂಬಿಕೊಂಡು. ಹೆಚ್ಚು ಓಡಿದ ಗಾಡಿಯೇ ಕಡಿಮೆ ಖರ್ಚಿನದಾಗುವುದು ಹೀಗೆ. 2016ರ ನವೆಂಬರಿನಲ್ಲಿ ಬಂದ 2.8 ಲೀಟರ್ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಚೈನ್ ಇದೆ, ಅಷ್ಟರಮಟ್ಟಿಗೆ ಆ ಗಾಡಿಗಳ ಲೆಕ್ಕ ಬೇರೆ.

ಇಂಜೆಕ್ಟರುಗಳ ವಿಷಯ ಇನ್ನೂ ಸೂಕ್ಷ್ಮ. ಟೈರಿನಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡ ಸುಮಾರು 2.2 ಬಾರ್. ಈ ಎಂಜಿನ್ನುಗಳಲ್ಲಿ ಡೀಸೆಲ್ ಸಿಡಿಯುವುದು ಅದರ ಆರುನೂರು ಪಟ್ಟಿಗೂ ಮೀರಿದ ಒತ್ತಡದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿಂದ. ಡೀಸೆಲ್‌ನಲ್ಲಿ ನೀರೋ ಕಸವೋ ಸೇರಿದರೆ ಮೊದಲು ಹಾಳಾಗುವುದು ಇವೇ. ಇಂಜೆಕ್ಟರಿನ ಬುಡದಲ್ಲಿರುವ ತಾಮ್ರದ ವಾಷರ್ ಸೋರಿದರೆ ಉರಿದ ಅನಿಲದ ಮಸಿ ಆಯಿಲಿಗೆ ಸೇರಿ, ಕೆಳಗೆ ಆಯಿಲ್ ಹೀರುವ ಜಾಲರಿಯನ್ನು ಕಟ್ಟಿಬಿಡಬಹುದು; ನಾಲ್ಕು ಕಾಸಿನ ವಾಷರ್ ಇಡೀ ಎಂಜಿನ್ನನ್ನೇ ತಿಂದಂತೆ. ಇದನ್ನು ಪತ್ತೆ ಹಚ್ಚಲು ಬೆಳಗಿನ ಹೊತ್ತು ಒಳ್ಳೆಯದು. ಗಾಡಿ ನೋಡಲು ಬರುತ್ತೇವೆಂದಾಗ ಸ್ಟಾರ್ಟ್ ಮಾಡದೆ ಇಟ್ಟಿರಿ ಎಂದು ಹೇಳಿ, ಹೋದೊಡನೆ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂದು ಅನುಮಾನಿಸಬಹುದು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಮೊದಲ ಒಂದು ನಿಮಿಷ ಟಕಟಕ ಸದ್ದು ಎಷ್ಟಿದೆ, ಹೊಗೆ ಯಾವ ಬಣ್ಣದ್ದು ಎಂದು ಗಮನಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಆಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಅಲ್ಲಿಂದ ಬುಸುಬುಸು ಹೊಗೆ ಬಂದರೆ ಮೆಕ್ಯಾನಿಕ್ಕಿಗೆ ತೋರಿಸದೆ ಮುಂದಿನ ಮಾತು ಬೇಡ. ಎಂಜಿನ್ ಕಾಯುವ ಮೊದಲೇ ರೇಡಿಯೇಟರ್ ನೀರನ್ನೂ ಇಣುಕಿ ನೋಡಿ: ಗುಲಾಬಿ ಬಣ್ಣದ ಕೂಲಂಟ್ ಇರಬೇಕಾದಲ್ಲಿ ತುಕ್ಕಿನ ಬಣ್ಣದ ನೀರಿದ್ದರೆ, ಯಾರೋ ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿ ಒಳಗೆಲ್ಲ ಉಪ್ಪು ಕಟ್ಟಿಸಿದ್ದಾರೆ ಎಂದುಕೊಳ್ಳಬಹುದು.

ಉಳಿದವು ಇಷ್ಟು ಗೂಢವಲ್ಲ. ಸುಮಾರು ಎರಡು ಟನ್ ತೂಗುವ ಗಾಡಿ ನಮ್ಮ ಹಂಪು ಹೊಂಡಗಳ ಮೇಲೆ ಎರಡು ಲಕ್ಷ ಕಿ.ಮೀ. ಎಗರಿದ್ದರೆ ಬುಷ್, ಲಿಂಕ್ ರಾಡ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಸವೆದಿರಲೇಬೇಕು. ಹಂಪಿನ ಮೇಲೆ ನಿಧಾನ ಹತ್ತಿಸಿದರೆ ಕಟಕ್ ಎಂದು ಅವೇ ಹೇಳುತ್ತವೆ. ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ಚು ಮುಗಿದಿದೆ. ಕರಾವಳಿಯ ಗಾಡಿಯಾದರೆ ಅಡಿಗೆ ಇಳಿದು ಷಾಸಿಯ ತುಕ್ಕು ನೋಡಬೇಕು, ಸಂಡೂರು ಹೊಸಪೇಟೆ ಕಡೆಯದಾದರೆ ಅದಿರಿನ ಕೆಂಪು ದೂಳು ಎಲ್ಲೆಲ್ಲಿ ಕೂತಿದೆ ಎಂದು. ರಾಜಕೀಯದವರ ಗಾಡಿಯೆಂದು ಹೆಮ್ಮೆಯಿಂದ ಹೇಳಿ ಮಾರುವವರಿದ್ದಾರೆ. ಏಳು ಸೀಟಿನಲ್ಲಿ ಹತ್ತು ಜನ ಬೆಂಬಲಿಗರನ್ನು ತುಂಬಿಕೊಂಡು ಚುನಾವಣೆ ಮಾಡಿದ ಗಾಡಿಗೆ ಆ ಮಾತಿನಿಂದ ಬೆಲೆ ಏರಬೇಕೋ ಇಳಿಯಬೇಕೋ ನೀವೇ ಯೋಚಿಸಿ. ಇನ್ನು ದಿಲ್ಲಿ ಗಾಡಿ. ಅಲ್ಲಿ ಹಳೆಯ ಡೀಸೆಲ್ ವಾಹನಗಳ ಮೇಲೆ ಬಂದ ನಿರ್ಬಂಧಗಳಿಂದಾಗಿ ಅವು ಅಗ್ಗಕ್ಕೆ ಸಿಗುತ್ತವೆ. ಎನ್‌ಒಸಿ ತಂದು ಇಲ್ಲಿ ನೋಂದಾಯಿಸುವಾಗ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನೂ ರಿಪೇರಿ ಬಿಲ್ಲಿನ ಜೊತೆಗೇ ಕೂಡಿಸಿ ನೋಡಿದರೆ ಆ ಅಗ್ಗದಲ್ಲಿ ಎಷ್ಟು ಉಳಿಯುತ್ತದೆಂದು ತಿಳಿಯುತ್ತದೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೆ, ಟೊಯೊಟಾ ಎಂಜಿನ್ ಐದು ಲಕ್ಷ ಹೋದರೂ ಅಲುಗುವುದಿಲ್ಲವಲ್ಲ ಎಂಬ ಮಾತಿದೆ. ಮಾತು ಪೂರ್ತಿ ಸುಳ್ಳಲ್ಲ. ನಾಲ್ಕೈದು ಲಕ್ಷ ಓಡಿದ ಇನೋವಾ ಟ್ಯಾಕ್ಸಿಗಳು ನಮ್ಮ ಕಣ್ಣೆದುರೇ ಇವೆ. ಆದರೆ ಆ ಟ್ಯಾಕ್ಸಿಯವರು ಬೆಲ್ಟು, ಕ್ಲಚ್ಚು, ಬುಷ್ಷುಗಳನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ್ದರಿಂದಲೇ ಅವು ಅಷ್ಟು ಓಡಿದವು; ಗಾಡಿ ನಿಂತರೆ ಅವರ ಅನ್ನ ನಿಲ್ಲುತ್ತದೆ. ಎಂಜಿನ್ ಬ್ಲಾಕ್ ಬಾಳುತ್ತದೆ, ಅದಕ್ಕೆ ಅಂಟಿಕೊಂಡಿರುವುದೆಲ್ಲ ಬಾಳುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇದೇ ದುಡ್ಡಿಗೆ ವಾರಂಟಿ ಸಮೇತ ಹೊಸ ಸಣ್ಣ ಕಾರು ಬರುವಾಗ ಈ ಆನೆ ಏಕೆ? ಊರೊಳಗೆ ಇಬ್ಬರು ಮೂವರು ಓಡಾಡುವ ಮನೆಗೆ ಈ ಪ್ರಶ್ನೆಗೆ ಉತ್ತರವಿಲ್ಲ, ಸಣ್ಣ ಕಾರೇ ಸರಿ. ಏಳು ಜನರ ಕುಟುಂಬ, ಮಳೆಗಾಲದಲ್ಲಿ ಕೆಸರಾಗುವ ತೋಟದ ದಾರಿ, ತಿಂಗಳಿಗೆರಡು ಸಲ ಶಿರಾಡಿ ಘಾಟಿ, ಇಂಥವರಿಗೆ ಮಾತ್ರ ಈ ಲೆಕ್ಕ. ಅವರೂ ಸಾಲ ಮಾಡಿ ಕೊಳ್ಳುವುದಾದರೆ ಹಳೆಯ ಗಾಡಿಯ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೆಚ್ಚೆಂಬುದನ್ನು ಮರೆಯಬಾರದು. ಫಾರ್ಚುನರ್‌ಗಿಂತ ಅಗ್ಗಕ್ಕೆ ಫೋರ್ಡ್ ಎಂಡೆವರ್ ಸಿಗುತ್ತದಲ್ಲ ಎನ್ನುವವರೂ ಇದ್ದಾರೆ. ಗಾಡಿ ಕಸುವಿನದೇ. ಆದರೆ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಸರ್ವಿಸೂ ಬಿಡಿಭಾಗವೂ ಮುಂದುವರಿಯುತ್ತವೆಂದು ಕಂಪನಿ ಹೇಳಿದ್ದರೂ, ಒಂದು ಭಾಗಕ್ಕಾಗಿ ಗಾಡಿ ಎಷ್ಟು ದಿನ ಗ್ಯಾರೇಜಿನಲ್ಲಿ ನಿಂತೀತು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಅಗ್ಗವಾಗಿರುವುದೂ ಅದಕ್ಕೇ.

ಎಲ್ಲವನ್ನೂ ಎಣಿಸಲಾಗದು ಎಂಬ ಕೊನೆಯ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಎ.ಸಿ. ಕಂಪ್ರೆಸರ್ ಯಾವಾಗ ಕೈಕೊಡುತ್ತದೆ, ಯಾವ ಸೆನ್ಸರ್ ಯಾವ ಮಳೆಯಲ್ಲಿ ಕೆಡುತ್ತದೆ ಎಂದು ಯಾರೂ ಹೇಳಲಾರರು. ಅದಕ್ಕೆಂದೇ ಒಂದಿಷ್ಟು ದುಡ್ಡು ಬೇರೆ ಇಡಬೇಕು. ಎಣಿಸಲು ಬರುವುದನ್ನಾದರೂ ಮೊದಲೇ ಎಣಿಸಲು ಒಂದು ಬೆಳಗ್ಗೆ ಸಾಕು: ಗಾಡಿಯ ಷಾಸಿ ನಂಬರ್ ಬರೆದುಕೊಂಡು ಕಂಪನಿಯ ಸ್ಪೇರ್ಸ್ ಕೌಂಟರಿನಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೋ ಬೆಲ್ಟ್ ಕಿಟ್ಟು, ಕ್ಲಚ್ ಸೆಟ್ಟು, ಒಂದು ಇಂಜೆಕ್ಟರು, ನಾಲ್ಕು ಟೈರಿನ ಬೆಲೆ ಕೇಳಿ, ನಿಮ್ಮ ಮೆಕ್ಯಾನಿಕ್ಕಿನ ಕೂಲಿ ಸೇರಿಸಿ ಒಂದು ಚೀಟಿಯಲ್ಲಿ ಬರೆಯಿರಿ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿಯನ್ನು ಓದಿ. 1418 ಎಂದಿದ್ದರೆ 2018ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು, ಗುಂಡಿ ಎಷ್ಟೇ ಆಳವಾಗಿ ಉಳಿದಿದ್ದರೂ ಅದನ್ನು ಚೀಟಿಗೆ ಸೇರಿಸಬೇಕು. ಬಿಲ್ಲಿರುವ ಕೆಲಸವನ್ನು ಹೊಡೆದುಹಾಕಿ, ಉಳಿದದ್ದನ್ನು ಕೂಡಿ, ಆ ಚೀಟಿಯನ್ನೇ ಮುಂದಿಟ್ಟುಕೊಂಡು ಚೌಕಾಸಿ ಮಾಡಿ. ‘ಸ್ವಲ್ಪ ಬಿಡಿ ಸಾರ್’ ಎಂಬ ಮಾತಿಗೆ ಜಗ್ಗದ ದಲ್ಲಾಳಿಗಳೂ ಬರೆದಿಟ್ಟ ಅಂಕಿಗೆ ಉತ್ತರ ಕೊಡಲೇಬೇಕಾಗುತ್ತದೆ. ಚೀಟಿಯ ಕೊನೆಯ ಸಾಲು ಆರ್.ಸಿ.ಯದು: 2013ರಲ್ಲಿ ನೋಂದಣಿಯಾದ ಗಾಡಿಯ ಹದಿನೈದು ವರ್ಷ 2028ಕ್ಕೆ ಮುಗಿಯುತ್ತದೆ, ಆಗ ಆರ್‌ಟಿಓದಲ್ಲಿ ಎಫ್.ಸಿ. ಮಾಡಿಸಿ, 5,000 ರೂಪಾಯಿ ನವೀಕರಣ ಶುಲ್ಕ ಕಟ್ಟಿದರೆ ಇನ್ನೈದು ವರ್ಷ.