ಗುರುಗ್ರಹ ಭೂಮಿಯ ಕಾವಲುಗಾರನೇ?

ಭೂಮಿಯ 318 ಪಟ್ಟು ದ್ರವ್ಯರಾಶಿಯುಳ್ಳ ಗುರುವಿನಂತಹ ದೈತ್ಯ ಗ್ರಹಗಳು ತಮ್ಮ ಗುರುತ್ವಬಲದಿಂದ ನೆರೆಯ ಸಣ್ಣ ಗ್ರಹಗಳ ಹಣೆಬರಹವನ್ನು ತಿದ್ದಬಲ್ಲವು ಎಂಬುದು ನಿಜವಾದರೂ, ಆ ಪ್ರಭಾವದ ಸ್ವರೂಪದ ಬಗ್ಗೆ ಕೆಲವು ಅತಿಸರಳ ನಂಬಿಕೆಗಳು ಬೇರೂರಿವೆ.

ತಪ್ಪು ಕಲ್ಪನೆ 1: ಭೂಮಿಯತ್ತ ಬರುವ ಆಕಾಶಕಾಯಗಳನ್ನೆಲ್ಲ ಗುರು ತಡೆಯುತ್ತದೆ.

ಸತ್ಯ: 1994ರ ಜುಲೈನಲ್ಲಿ ಶೂಮೇಕರ್-ಲೆವಿ 9 ಧೂಮಕೇತುವಿನ ತುಣುಕುಗಳು ಗುರುವಿಗೆ ಅಪ್ಪಳಿಸಿದ್ದು ಈ ನಂಬಿಕೆಗೆ ಇಂಬು ನೀಡಿತು. ಸೌರವ್ಯೂಹದ ಅತಿದೂರದ ಅಂಚಿನಲ್ಲಿರುವ ಊರ್ಟ್ ಮೋಡದಿಂದ ಬರುವ ದೀರ್ಘಾವಧಿ ಧೂಮಕೇತುಗಳ ಮಟ್ಟಿಗೆ ಇದು ಬಹುತೇಕ ಸರಿ. ಅವುಗಳಲ್ಲಿ ಅನೇಕವನ್ನು ಗುರು ಸೌರವ್ಯೂಹದಿಂದಲೇ ಹೊರಗೆಸೆಯುತ್ತದೆ. ಆದರೆ 1767ರಲ್ಲಿ ಗುರುವಿನ ಸಮೀಪ ಹಾದುಹೋದ ಲೆಕ್ಸೆಲ್ ಧೂಮಕೇತು ಅದರ ಸೆಳೆತದಿಂದಲೇ ಹಾದಿ ಬದಲಿಸಿ, 1770ರಲ್ಲಿ ಭೂಮಿಯಿಂದ ಸುಮಾರು 22 ಲಕ್ಷ ಕಿಲೋಮೀಟರ್ ದೂರದಲ್ಲಿ ಸಾಗಿತು. 1779ರಲ್ಲಿ ಅದನ್ನು ದೂರ ಅಟ್ಟಿದ್ದೂ ಗುರುವೇ ಎಂದು ಲೆಕ್ಕಾಚಾರಗಳು ತಿಳಿಸುತ್ತವೆ. ಕ್ಷುದ್ರಗ್ರಹಗಳ ವಿಷಯದಲ್ಲಿ ಈ ಎರಡು ಮುಖಗಳು ಇನ್ನೂ ಸ್ಪಷ್ಟ. ಭೂಮಿ-ಸೂರ್ಯರ ಅಂತರದ ಎರಡೂವರೆ ಪಟ್ಟು ದೂರದಲ್ಲಿರುವ ಕ್ಷುದ್ರಗ್ರಹವು ಗುರು ಸೂರ್ಯನನ್ನು ಒಮ್ಮೆ ಸುತ್ತುವಷ್ಟರಲ್ಲಿ ಮೂರು ಸುತ್ತು ಮುಗಿಸುತ್ತದೆ. ಅನುರಣನ ಎನಿಸಿಕೊಳ್ಳುವ ಈ ಹೊಂದಾಣಿಕೆಯಿಂದಾಗಿ ಗುರುವಿನ ಸೆಳೆತ ಮತ್ತೆ ಮತ್ತೆ ಒಂದೇ ಲಯದಲ್ಲಿ ಬಿದ್ದು, ಕಕ್ಷೆ ಹೆಚ್ಚು ಹೆಚ್ಚು ನೀಳವಾಗುತ್ತ ಕೊನೆಗೆ ಭೂಮಿಯ ಕಕ್ಷೆಯನ್ನೇ ಹಾಯಬಹುದು. 2008ರಿಂದ ಜೋಂಟಿ ಹಾರ್ನರ್ ಮತ್ತು ಬ್ಯಾರಿ ಜೋನ್ಸ್ ಪ್ರಕಟಿಸಿದ ಕಂಪ್ಯೂಟರ್ ಅನುಕರಣೆಗಳ ಪ್ರಕಾರ, ಗುರುವಿನ ಜಾಗದಲ್ಲಿ ಅದರ ಐದನೇ ಒಂದು ಭಾಗದಷ್ಟು ದ್ರವ್ಯರಾಶಿಯ ಗ್ರಹವಿದ್ದಿದ್ದರೆ ಕ್ಷುದ್ರಗ್ರಹಗಳು ಭೂಮಿಗೆ ಬಡಿಯುವ ಪ್ರಮಾಣ ಈಗಿನದಕ್ಕಿಂತ ಹೆಚ್ಚಿರುತ್ತಿತ್ತು; ಅಲ್ಲಿ ಯಾವ ಗ್ರಹವೂ ಇಲ್ಲದಿದ್ದರೆ ಕಡಿಮೆಯಿರುತ್ತಿತ್ತು.

ತಪ್ಪು ಕಲ್ಪನೆ 2: ದೈತ್ಯ ಗ್ರಹಗಳು ಹುಟ್ಟಿದ ಕಕ್ಷೆಯಲ್ಲೇ ಉಳಿಯುತ್ತವೆ.

ಸತ್ಯ: 1995ರಲ್ಲಿ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋಜ್ ಪತ್ತೆಹಚ್ಚಿದ ದೈತ್ಯ ಗ್ರಹವು 51 ಪೆಗಾಸಿ ನಕ್ಷತ್ರವನ್ನು ಕೇವಲ 4.2 ದಿನಗಳಲ್ಲಿ ಸುತ್ತುತ್ತದೆ. ಅಷ್ಟು ಹತ್ತಿರದಲ್ಲಿ ಅಂತಹ ಗ್ರಹ ರೂಪುಗೊಳ್ಳುವುದು ಕಷ್ಟವಾದ್ದರಿಂದ, ಅದು ದೂರದಲ್ಲಿ ಹುಟ್ಟಿ ಒಳಕ್ಕೆ ಸರಿದಿರಬೇಕೆಂದು ಬಹುಪಾಲು ವಿಜ್ಞಾನಿಗಳು ಭಾವಿಸುತ್ತಾರೆ. ಗುರುವೂ ಒಮ್ಮೆ ಇಂದಿನ ಮಂಗಳದ ಕಕ್ಷೆಯವರೆಗೆ ಒಳಸರಿದು, ಶನಿಯ ಪ್ರಭಾವದಿಂದ ಹಿಂದಿರುಗಿರಬಹುದು ಎಂಬುದು 2011ರಲ್ಲಿ ಮಂಡಿಸಲಾದ 'ಗ್ರ್ಯಾಂಡ್ ಟ್ಯಾಕ್' ಊಹನೆ. ಭೂಮಿಯ ಹತ್ತನೇ ಒಂದು ಭಾಗದಷ್ಟೇ ದ್ರವ್ಯರಾಶಿಯುಳ್ಳ ಮಂಗಳ ಏಕೆ ಬೆಳೆಯಲಿಲ್ಲ ಎಂಬುದಕ್ಕೆ ಇದು ಒಂದು ವಿವರಣೆಯೇ ಹೊರತು ಸಿದ್ಧಪಟ್ಟ ಸಂಗತಿಯಲ್ಲ.

ತಪ್ಪು ಕಲ್ಪನೆ 3: ಗುರುವಿನಂತಹ ಗ್ರಹವಿಲ್ಲದೆ ಭೂಮಿಯಂತಹ ಗ್ರಹಗಳು ರೂಪುಗೊಳ್ಳಲಾರವು.

ಸತ್ಯ: ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ನಕ್ಷತ್ರದ ಸುತ್ತ ಭೂಮಿಯ ಗಾತ್ರವನ್ನು ಹೋಲುವ ಏಳು ಗ್ರಹಗಳಿದ್ದು, ಅವುಗಳಲ್ಲಿ ಕೆಲವು ವಾಸಯೋಗ್ಯ ವಲಯದಲ್ಲಿ, ಅಂದರೆ ತಕ್ಕ ವಾತಾವರಣವಿದ್ದರೆ ಮೇಲ್ಮೈಯಲ್ಲಿ ದ್ರವರೂಪದ ನೀರು ಉಳಿಯಬಹುದಾದ ದೂರದಲ್ಲಿ, ಇವೆ. ಆದರೆ ಅಲ್ಲಿ ಗುರುವಿನಂತಹ ಗ್ರಹ ಈವರೆಗೆ ಕಂಡುಬಂದಿಲ್ಲ.

ಆದ್ದರಿಂದ ದೈತ್ಯ ಗ್ರಹವನ್ನು ರಕ್ಷಕನೆಂದಾಗಲಿ ಭಕ್ಷಕನೆಂದಾಗಲಿ ಸಾರಾಸಗಟಾಗಿ ಕರೆಯುವುದು ತಪ್ಪಾಗುತ್ತದೆ. ಅದರ ದ್ರವ್ಯರಾಶಿ ಎಷ್ಟು, ಕಕ್ಷೆ ಎಲ್ಲಿ, ಅದು ಯಾವಾಗ ಎತ್ತ ಸರಿಯಿತು ಎಂಬುದೇ ನೆರೆಯ ಗ್ರಹಗಳಿಗೆ ಒದಗುವ ಒಳಿತು ಕೆಡುಕುಗಳನ್ನು ನಿರ್ಧರಿಸುತ್ತದೆ.