ಹಿಮದ ಕಣಿವೆಯ ಗಾಳಗಾರರು

ಜಪಾನಿನ ಇಯಾಮಾ ರೈಲುಮಾರ್ಗದಲ್ಲಿ ಮೋರಿ-ಮಿಯಾನೊಹರ ಎಂಬ ಪುಟ್ಟ ನಿಲ್ದಾಣವಿದೆ. ಅಲ್ಲಿ ನೆಟ್ಟಿರುವ ಕಂಬವೊಂದು 7.85 ಮೀಟರ್ ಎತ್ತರವನ್ನು ತೋರಿಸುತ್ತದೆ. 1945ರ ಫೆಬ್ರುವರಿ 12ರಂದು ಅಲ್ಲಿ ಬಿದ್ದಿದ್ದ ಹಿಮದ ಅಳತೆ ಅದು. ಈ ಸೀಮೆಯಿಂದ ಬೆಟ್ಟಗಳ ನಡುವೆ ಇನ್ನೂ ಒಳಗೆ ಹೋದರೆ ಸಿಗುವುದೇ ಅಕಿಯಾಮಾಗೋ. ನಾಕಾತ್ಸು ನದಿಯ ದಂಡೆಯಲ್ಲಿ ಚದುರಿದ ಈ ಹಳ್ಳಿಗಳು ಇಂದು ನಾಗಾನೊ ಮತ್ತು ನೀಗಾಟಾ ಎಂಬ ಎರಡು ಪ್ರಾಂತ್ಯಗಳಿಗೆ ಹಂಚಿಹೋಗಿವೆ.

ಹೊರಜಗತ್ತಿಗೆ ಈ ಕಣಿವೆಯ ಪರಿಚಯ ಮಾಡಿಕೊಟ್ಟವನು ಸುಜುಕಿ ಬೊಕುಶಿ (1770-1842). ಶಿಯೊಜಾವಾ ಊರಿನ ಈ ಬಟ್ಟೆ ವ್ಯಾಪಾರಿ 1828ರಲ್ಲಿ ಇಲ್ಲಿಗೆ ನಡೆದು ಬಂದು, ಕಂಡದ್ದನ್ನೆಲ್ಲ ಚಿತ್ರಸಹಿತ ಬರೆದಿಟ್ಟ. ಕಾಡು ಸುಟ್ಟು ರಾಗಿಯಂಥ ಕಿರುಧಾನ್ಯ ಬೆಳೆಯುವವರು, ಅನ್ನದ ಬದಲು ಕಾಡುಕಾಯಿಗಳನ್ನು ನೆಚ್ಚಿ ಬದುಕುವವರು ಅವನ ಬರಹದಲ್ಲಿ ಬರುತ್ತಾರೆ. ದೂರದ ಅಕಿಟಾದಿಂದ ಬೇಟೆಗೆ ಬಂದ ‘ಮಾತಾಗಿ’ಗಳನ್ನೂ ಅವನು ಭೇಟಿಯಾದ. ಕರಡಿಯನ್ನು ಬೇಟೆಯಾಡುವ ಇವರು ತೊರೆಗಳಲ್ಲಿ ‘ಇವಾನಾ’ ಮೀನನ್ನೂ ಹಿಡಿದು, ಬೆಟ್ಟದಾಚೆಯ ಕುಸಾತ್ಸು ಬಿಸಿನೀರಿನ ಬುಗ್ಗೆಯ ಊರಿಗೆ ಹೊತ್ತು ಮಾರುತ್ತಿದ್ದರು. ಕಾಲಕ್ರಮದಲ್ಲಿ ಕೆಲವರು ಇಲ್ಲೇ ನೆಲೆಸಿದರು.

ಇವಾನಾ ತಣ್ಣೀರಿನ ಮೀನು. ನೀರಿನ ಮೇಲೆ ಬೀಳುವ ಹುಳುಹುಪ್ಪಟೆಗಳು ಅದರ ಆಹಾರ. ಈ ಗುಣವನ್ನು ಬಲ್ಲ ಬೆಟ್ಟದ ಜನ ಗಾಳಕ್ಕೆ ದಾರ ಸುತ್ತಿ, ಹಕ್ಕಿಗರಿ ಕಟ್ಟಿ ಹುಳುವಿನ ರೂಪ ಕೊಟ್ಟರು. ಇದಕ್ಕೆ ‘ಕೆಬಾರಿ’ ಎಂದು ಹೆಸರು. ಈ ಬಗೆಯ ಮೀನುಗಾರಿಕೆಯನ್ನು ಇಂದು ‘ತೆಂಕಾರಾ’ ಎನ್ನುತ್ತಾರೆ. ಪಾಶ್ಚಾತ್ಯರ ಫ್ಲೈ ಫಿಶಿಂಗ್‌ನಲ್ಲಿ ದಾರ ಸುತ್ತುವ ರಾಟೆ ಇರುತ್ತದೆ, ಇಲ್ಲಿ ಅದಿಲ್ಲ. ಬಿದಿರಿನ ಕೋಲು, ಅದರ ತುದಿಗೆ ಕುದುರೆಯ ಬಾಲದ ಕೂದಲು ಹೊಸೆದ ದಾರ, ಕೊನೆಯಲ್ಲಿ ಒಂದು ಕೆಬಾರಿ - ಇಷ್ಟೇ ಸಲಕರಣೆ.

ಈ ಸರಳತೆಗೆ ಕಾರಣ ಬಡತನವೊಂದೇ ಅಲ್ಲ. ಬೆಟ್ಟದ ತೊರೆ ಕಿರಿದು, ರಭಸ ಹೆಚ್ಚು. ದೂರಕ್ಕೆ ಗಾಳ ಎಸೆಯುವ ಅಗತ್ಯವೇ ಇಲ್ಲ. ಎರೆಹುಳು ಹುಡುಕುತ್ತ, ಪ್ರತಿ ಮೀನಿಗೂ ಹೊಸದನ್ನು ಸಿಕ್ಕಿಸುತ್ತ ಕೂತರೆ ಹೊತ್ತು ಹೋಗುತ್ತದೆ. ಕೆಬಾರಿಯಾದರೆ ಮತ್ತೆ ಮತ್ತೆ ಬಳಸಬಹುದು. ಕೆಲವು ಕೆಬಾರಿಗಳಲ್ಲಿ ಗರಿ ಮುಂದಕ್ಕೆ ಬಾಗಿರುತ್ತದೆ; ಕೋಲನ್ನು ಮೆಲ್ಲನೆ ಎಳೆದು ಬಿಟ್ಟರೆ ಗರಿ ಮುಚ್ಚಿ ಬಿಚ್ಚಿ, ಜೀವವಿದ್ದಂತೆ ಕಾಣುತ್ತದೆ. ಮೀನು ಮಾರಿ ಹೊಟ್ಟೆ ಹೊರೆಯುವವನಿಗೆ ಇದು ವಿನೋದವಲ್ಲ, ಲೆಕ್ಕಾಚಾರ.

ಆ ಲೆಕ್ಕಾಚಾರ ಎಷ್ಟು ಕಠಿಣವಾಗಿತ್ತೆಂಬುದಕ್ಕೆ ಕಣಿವೆಯ ಚರಿತ್ರೆಯೇ ಸಾಕ್ಷಿ. 1782ರಲ್ಲಿ ಆರಂಭವಾದ ತೆನ್‌ಮೇ ಕ್ಷಾಮದಲ್ಲಿ ಎಂಟು ಮನೆಗಳ ಓಅಕಿಯಾಮಾ ಎಂಬ ಹಳ್ಳಿ ಪೂರ್ತಿ ನಾಶವಾಯಿತು. ಬೊಕುಶಿ ಕಂಡಿದ್ದ ಎರಡೇ ಮನೆಗಳ ಅಮಾಜಾಕೆಯೂ 1830ರ ದಶಕದ ಕ್ಷಾಮದಲ್ಲಿ ಅಳಿಯಿತು.

ಇಂದು ಟೋಕಿಯೊದಿಂದ ಎಚಿಗೊ-ಯುಜಾವಾವರೆಗೆ ಶಿಂಕಾನ್ಸೆನ್ ರೈಲಿದೆ. ಮುಂದೆ ತ್ಸುನಾನ್ ಮೂಲಕ ಬೆಟ್ಟದ ರಸ್ತೆ. ಕಣಿವೆಯ ಕೊನೆಯ ಕಿರಿಯಾಕೆಯಲ್ಲಿ ನದಿಯ ದಡವನ್ನು ಅಗೆದರೆ ಬಿಸಿನೀರು ಉಕ್ಕುತ್ತದೆ. ಆದರೆ ಚಳಿಗಾಲ ಹಳೆಯದೇ. 2006ರ ಜನವರಿಯಲ್ಲಿ ಹಿಮಕುಸಿತದ ಭಯದಿಂದ ರಸ್ತೆ ಮುಚ್ಚಿ, ಇಲ್ಲಿನ ಜನ ಹಲವು ದಿನ ಹೊರಸಂಪರ್ಕವಿಲ್ಲದೆ ಉಳಿದಿದ್ದರು.

2009ರಲ್ಲಿ ಅಮೆರಿಕದಲ್ಲಿ ತೆಂಕಾರಾ ಕೋಲುಗಳನ್ನು ಮಾರುವ ಸಂಸ್ಥೆಯೊಂದು ಹುಟ್ಟಿತು. ಅಲ್ಲಿಂದೀಚೆಗೆ ಈ ವಿದ್ಯೆ ಸಾಗರದಾಚೆಯ ಹವ್ಯಾಸಿಗಳನ್ನೂ ಸೆಳೆದಿದೆ. ವಿಚಿತ್ರವೆಂದರೆ, ವಿದ್ಯೆ ಹೊರಗೆ ಹರಡುತ್ತಿದ್ದಂತೆ ಜಪಾನಿನ ಬೆಟ್ಟದ ಹಳ್ಳಿಗಳಲ್ಲಿ ಜನ ಕಡಿಮೆಯಾಗುತ್ತಿದ್ದಾರೆ. ಉಳಿದವರಲ್ಲಿ ವೃದ್ಧರೇ ಹೆಚ್ಚು. ಕೋಲನ್ನು ಎಲ್ಲಿ ಬೇಕಾದರೂ ಕೊಳ್ಳಬಹುದು. ಯಾವ ಬಂಡೆಯ ಮರೆಯಲ್ಲಿ, ಯಾವ ತಿಂಗಳಲ್ಲಿ ಇವಾನಾ ನಿಲ್ಲುತ್ತದೆ ಎಂಬ ಅರಿವು ಮಾತ್ರ ಆ ತೊರೆಯ ದಂಡೆಯಲ್ಲಿ ಬಾಳಿದವರ ಜೊತೆಗೇ ಇರುತ್ತದೆ, ಅವರೊಂದಿಗೇ ಹೋಗಿಬಿಡುತ್ತದೆ.